ಎಂಟು ಕಿಲೋ ಇಳಿಸಿಕೊಂಡು ಬಂದ್ರೆ ಪಾತ್ರ ಕೊಡ್ತಾರಂತೆ: ಮಲೆನಾಡಿನ ರಂಗಾಸಕ್ತರು ಏನಂತೀರಿ?

ಮಂಡಗದ್ದೆ ಹಕ್ಕಿ:

ಎಲ್ಲರಿಗೂ ನಮಸ್ಕಾರ. ನಮ್ಮ ಅಕ್ಕನ ಮಗಳ ವಿಷಯ ಇದು. ವಯಸ್ಸು 22. ಡಿಗ್ರಿ ಮುಗಿದಾಗಿಂದ ಶಿವಮೊಗ್ಗದ ಹವ್ಯಾಸಿ ತಂಡಗಳ ಜೊತೆ ನಾಟಕ ಮಾಡ್ತಿದ್ದಾಳೆ. ಕುವೆಂಪು ರಂಗಮಂದಿರದಲ್ಲಿ ಅವಳನ್ನ ನೋಡಿದವರು ಇಲ್ಲೂ ಕೆಲವರು ಇರಬಹುದು. ಈಚೆಗೆ ಬೆಂಗಳೂರಲ್ಲಿ ಒಂದು ಧಾರಾವಾಹಿಗೆ ಆಡಿಷನ್ ಕೊಟ್ಟಳು, ನಾಯಕಿಯ ತಂಗಿ ಪಾತ್ರಕ್ಕೆ. ಹೋಗೋ ಮೊದಲೇ ವಾಟ್ಸಾಪಲ್ಲಿ ಪ್ರೊಫೈಲ್ ಕೇಳಿದ್ರು: ಹೆಸರು, ವಯಸ್ಸು, ಎತ್ತರ, ತೂಕ, ಮೈಬಣ್ಣ, ಮೇಕಪ್ ಇಲ್ಲದ ಫೋಟೋ. ಯಾವ ನಾಟಕ ಮಾಡಿದೀಯ ಅಂತ ಕೇಳೋ ಜಾಗವೇ ಅದರಲ್ಲಿ ಇರಲಿಲ್ಲ.

ಅಭಿನಯ ಚೆನ್ನಾಗಿದೆ ಅಂದ್ರಂತೆ. ಆಮೇಲೆ ಒಬ್ಬರು ಹೊರಗೆ ಕರೆದು, "ಕ್ಯಾಮೆರಾದಲ್ಲಿ ಸ್ವಲ್ಪ ತುಂಬ್ಕೊಂಡು ಕಾಣ್ತೀರ. ಮೂರು ವಾರದಲ್ಲಿ ಎಂಟು ಕಿಲೋ ಇಳಿಸಿ, ಲುಕ್ ಟೆಸ್ಟ್ ಮಾಡೋಣ" ಅಂದ್ರಂತೆ. ಲುಕ್ ಟೆಸ್ಟ್ ಅಂದ್ರೆ ಪಾತ್ರದ ಬಟ್ಟೆ, ಮೇಕಪ್ ಹಾಕಿ ಕ್ಯಾಮೆರಾ ಮುಂದೆ ನಿಲ್ಲಿಸಿ ನೋಡೋದು. ಹುಡುಗಿ ಐದಡಿ ಮೂರಿಂಚು, 57 ಕಿಲೋ. ನಮ್ಮ ಕಡೆ ಯಾರೂ ಇದನ್ನ ದಪ್ಪ ಅನ್ನಲ್ಲ.

ಈಗ ಮನೆಯಲ್ಲಿ ರಾಮಾಯಣ. ಅಕ್ಕನಿಗೆ ಮಗಳು ಟಿವಿಯಲ್ಲಿ ಬರ್ಲಿ ಅಂತ ಆಸೆ, ಭಾವನಿಗೆ ಸುತರಾಂ ಇಷ್ಟ ಇಲ್ಲ. ಮೊನ್ನೆ ಭಾನುವಾರ ಪತ್ರೊಡೆ ಮಾಡಿದ್ವಿ. ಇವಳು ಒಂದೇ ಒಂದು ತುಂಡು ತಗೊಂಡು, ಟಿಶ್ಯೂ ಪೇಪರಲ್ಲಿ ಒತ್ತಿ ಎಣ್ಣೆ ತೆಗೆದು ತಿಂದಳು. ಆಮೇಲೆ ಜಗಲಿಯಲ್ಲಿ ಬೆವರು ಇಳಿಯೋವರೆಗೆ ಸ್ಕಿಪ್ಪಿಂಗ್. ಅಜ್ಜಿ "ಎಂತಕ್ಕೆ ಹಿಂಗೆ ಹಾರ್ತೀಯೆ" ಅಂತ ಕೇಳಿದ್ರೆ ಉತ್ತರ ಇಲ್ಲ.

ಕ್ಯಾಮೆರಾದಲ್ಲಿ ದಪ್ಪ ಕಾಣೋದು ಅನ್ನೋದು ನಿಜವಾ? ಎಲ್ಲರಿಗೂ ಹೀಗೇ ಹೇಳ್ತಾರಾ? ಒಳಗಿನ ವಿಷಯ ಗೊತ್ತಿದ್ದವರು ತಿಳಿಸಿ.


ಗಾಜನೂರು ಗೇಟು:

ಅಕ್ಕಾ, ಬೇಜಾರು ಮಾಡ್ಕೋಬೇಡಿ. ಜನ ಏನು ನೋಡ್ತಾರೋ ಅದನ್ನೇ ಚಾನೆಲ್ಲಿನವರು ಕೊಡೋದು. ಟಿಆರ್‌ಪಿ ಬರೋದು ತೆಳ್ಳಗೆ ಬೆಳ್ಳಗೆ ಇದ್ರೇ. ನಮ್ಮನೇಲೂ ರಾತ್ರಿ ಊಟಕ್ಕೆ ಕೂತು ಅಮ್ಮ, ಅತ್ತಿಗೆ ಎಲ್ಲ "ಇವಳೇನು ಇಷ್ಟು ಊದಿದಾಳೆ" ಅಂತಾನೇ ಶುರು ಮಾಡೋದು. ಗಂಡಸರಿಗಿಂತ ಹೆಂಗಸರೇ ಜಾಸ್ತಿ ಆಡ್ಕೊಳೋದು, ಸುಳ್ಳಾ?


ಭಾಗವತರ ಮನೆ:

ನನ್ನ ಅಭಿಪ್ರಾಯ ಬೇರೆ. ಕಲೆ ಅಂದ್ರೆ ಶಿಸ್ತು. ಕುಸ್ತಿಯವನು ತೂಕ ಇಳಿಸಲ್ವಾ, ನೃತ್ಯ ಮಾಡೋಳು ಮೈ ಕಾಪಾಡಿಕೊಳ್ಳಲ್ವಾ? ಯಕ್ಷಗಾನದಲ್ಲಿ ರಾತ್ರಿಯಿಡೀ ಕುಣಿಯೋರಿಗೆ ಮೈ ಹಗುರ ಇಲ್ದಿದ್ರೆ ಆಗತ್ತಾ? ಪಾತ್ರ ಬೇಕು ಅಂದ್ರೆ ಪಾತ್ರ ಕೇಳಿದ್ದನ್ನ ಕೊಡಬೇಕು. ಇದರಲ್ಲಿ ಅವಮಾನ ಎಂತದು ಅಂತ ನಂಗೆ ಅರ್ಥ ಆಗ್ಲಿಲ್ಲ.


ಕಡುಬು ಪ್ರಿಯೆ:

ಭಾಗವತರೇ, ಯಕ್ಷಗಾನದ ಬಣ್ಣದ ವೇಷಕ್ಕೆ, ಅಂದ್ರೆ ರಾಕ್ಷಸ ಪಾತ್ರಗಳಿಗೆ, ತೆಳ್ಳಗಿರೋರನ್ನ ಬಟ್ಟೆ ಸುತ್ತಿ ಸುತ್ತಿ ದಪ್ಪ ಮಾಡ್ತಾರೆ, ವೇಷ ಕಟ್ಟೋ ಚೌಕಿಯಲ್ಲಿ ನೀವೇ ನೋಡಿರ್ತೀರಿ. ಪಾತ್ರಕ್ಕೆ ಬೇಕಾದ ಆಕಾರವನ್ನ ವೇಷ ಕೊಡತ್ತೆ. ನಟನ ಹೊಟ್ಟೆ ಸುಟ್ಟು ಕೊಡಿಸಲ್ಲ. ಸ್ತ್ರೀವೇಷ ಮಾಡ್ತಿದ್ದ ಗಂಡಸರಿಗೆ "ಸೊಂಟ ಇಪ್ಪತ್ತಾರು ಇಂಚು ಮಾಡ್ಕೊಂಡು ಬಾ" ಅಂತ ಯಾವ ಮೇಳದ ಯಜಮಾನರು ಹೇಳಿದ್ದು?


ಶರಾವತಿ ಹಿನ್ನೀರು:

ನಾನು ಸಾಗರದವನು, ಬೆಂಗಳೂರಲ್ಲಿ ಧಾರಾವಾಹಿಗಳ ಕ್ಯಾಮೆರಾ ವಿಭಾಗದಲ್ಲಿ ಕೆಲಸ. ಹೆಸರು ಬೇಡ, ಹೊಟ್ಟೆಪಾಡು.

ಹಕ್ಕಿ ಅವರೇ, ಕ್ಯಾಮೆರಾದಲ್ಲಿ ಅಗಲ ಕಾಣೋದು ಸ್ವಲ್ಪ ನಿಜ. ಆದ್ರೆ ಯಾಕೆ ಅನ್ನೋದನ್ನ ಯಾರೂ ಹುಡುಗಿಯರಿಗೆ ಹೇಳಲ್ಲ. ಕೂಡು ಕುಟುಂಬದ ಹಾಲ್ ಸೀನ್ ನೆನಪು ಮಾಡ್ಕೊಳ್ಳಿ. ಹತ್ತು ಹದಿನೈದು ಜನ ಸಾಲಾಗಿ ನಿಂತು ಒಬ್ಬೊಬ್ಬರೇ ಮುಖ ತಿರುಗಿಸ್ತಾರಲ್ಲ, ಅದೇ. ಅಷ್ಟೂ ಜನ ಒಂದೇ ಫ್ರೇಮಿಗೆ ಹಿಡಿಬೇಕು, ಸೆಟ್ಟಿನಲ್ಲಿ ಹಿಂದೆ ಹೋಗೋಕೆ ಜಾಗ ಇರಲ್ಲ, ಹಾಗಾಗಿ ವೈಡ್ ಲೆನ್ಸ್. ವೈಡ್ ಲೆನ್ಸಿನಲ್ಲಿ ನಡುವೆ ನಿಂತವರು ಇದ್ದ ಹಾಗೇ ಬರ್ತಾರೆ, ಅಂಚಿನಲ್ಲಿ ನಿಂತವರ ಮೈ ಮುಖ ಎಲ್ಲ ಅಡ್ಡಕ್ಕೆ ಎಳೆದುಕೊಳ್ಳತ್ತೆ. ನಡುವೆ ನಿಲ್ಲೋದು ನಾಯಕಿ. ಅಂಚಿಗೆ ನಿಲ್ಲೋದು ತಂಗಿ. ಗೊತ್ತಾಯ್ತಲ್ಲ?

ಎರಡನೇದು ಲೈಟು. ದಿನಾ ಒಂದು ಎಪಿಸೋಡ್ ಮುಗಿಸೋ ಅವಸರದಲ್ಲಿ ಹಾಲ್‌ಗೆಲ್ಲ ಒಂದೇ ಸಲ ಎದುರಿನಿಂದ ಲೈಟ್ ಹೊಡೆದು ಬಿಟ್ಟಿರ್ತೀವಿ. ಕೆನ್ನೆ ಕೆಳಗೆ, ಗದ್ದದ ಕೆಳಗೆ ನೆರಳೇ ಇರಲ್ಲ. ನೆರಳು ಇಲ್ದಿದ್ರೆ ಯಾರ ಮುಖ ಆದ್ರೂ ಚಪಾತಿನೇ. ನಾಯಕಿಯ ಕ್ಲೋಸಪ್ಪಿಗೆ ಮಾತ್ರ ಲೈಟ್ ಬದಲಾಯಿಸ್ತೀವಿ, ಉಳಿದವರಿಗೆ ಟೈಮ್ ಇಲ್ಲ.

ಇನ್ನೊಂದು ನಿಮ್ಮ ಮನೇಲೇ ನಡೆಯೋದು. ಹಳೇ ಕಾರ್ಯಕ್ರಮಗಳ ಚಿತ್ರದ ಅಗಲ-ಎತ್ತರದ ಅಳತೆ 4:3, ಈಗಿನ ಟಿವಿಯದು 16:9. ಊರಲ್ಲಿ ಎಷ್ಟೋ ಮನೇಲಿ ಡಿಶ್ ಹಾಕಿಸಿಕೊಟ್ಟವನು ಸೆಟ್‌ಟಾಪ್ ಬಾಕ್ಸಲ್ಲಿ ಪರದೆ ತುಂಬೋ ಹಾಗೆ ಇಟ್ಟು ಹೋಗಿರ್ತಾನೆ. ಲೆಕ್ಕ ಹಾಕಿ, ಚಿತ್ರ ಅಡ್ಡಕ್ಕೆ ಮೂರನೇ ಒಂದು ಭಾಗದಷ್ಟು ಹಿಗ್ಗತ್ತೆ. ಹಳೇ ಸಿನಿಮಾ ನೋಡಿ "ಆಗಿನ ಕಾಲದ ಹೀರೋಯಿನ್ನುಗಳು ಎಷ್ಟು ದಪ್ಪ ಇದ್ರು" ಅನ್ನೋ ಮಾತಲ್ಲಿ ಅರ್ಧ ಈ ಬಾಕ್ಸಿನ ಮಹಿಮೆ.

ಇದನ್ನೆಲ್ಲ ಸರಿ ಮಾಡೋಕೆ ದುಡ್ಡು ಬೇಕು, ಸಮಯ ಬೇಕು. ಹುಡುಗಿಗೆ "ಇಳಿಸ್ಕೊಂಡು ಬಾ" ಅನ್ನೋಕೆ ಪ್ರೊಡಕ್ಷನ್ನಿನ ಒಂದು ಪೈಸೆ ಖರ್ಚಿಲ್ಲ. ಜಿಮ್ ಫೀಸು ಅವಳದು, ತಲೆ ಸುತ್ತಿ ಬಿದ್ರೆ ಆಸ್ಪತ್ರೆ ಬಿಲ್ಲೂ ಅವಳದೇ.

ಇನ್ನೂ ಒಂದಿದೆ. ನಾಯಕಿ ಊಟ ಬಿಟ್ಟು ಸಣ್ಣ ಆಗಿರ್ತಾಳೆ. ತಂಗಿ ಅವಳಿಗಿಂತ ತುಂಬಿಕೊಂಡಿದ್ರೆ ಅಕ್ಕನ ಹಾಗೆ ಕಾಣ್ತಾಳೆ ಅಂತ ತಂಗಿಗೆ ಹೇಳ್ತಾರೆ. ತಂಗಿ ಇಳಿಸಿದ್ಮೇಲೆ ನಾಯಕಿಗೆ ಭಯ. ಹೀಗೆ ಒಬ್ಬರನ್ನ ನೋಡಿ ಒಬ್ಬರು ಇಳಿತಾನೇ ಹೋಗ್ತಾರೆ. ದಿನದ ಲೆಕ್ಕದ ಸಂಬಳ, ಕರೆದ ದಿನ ಮಾತ್ರ ದುಡ್ಡು. ಅಂಥಲ್ಲಿ ಎದುರು ಮಾತಾಡೋರು ಯಾರು?


ಗಾಜನೂರು ಗೇಟು:

ಸರ್, ಲೆನ್ಸ್ ವಿಷಯ ಗೊತ್ತಿರ್ಲಿಲ್ಲ, ಥ್ಯಾಂಕ್ಸ್. ಆದ್ರೂ ನೋಡೋರು ಬೇಡ ಅಂದ್ರೆ ನಡೆಯತ್ತಾ? ಹೀರೋಗಳಿಗೂ ಸಿಕ್ಸ್ ಪ್ಯಾಕ್ ಒತ್ತಡ ಇದೆಯಲ್ಲ.


ತೀರ್ಥಹಳ್ಳಿ ಮೇಷ್ಟ್ರು:

ನೋಡೋರು ಬೇಡ ಅಂದ್ರು ಅಂತ ಯಾರು ಹೇಳಿದ್ದು? 2017ರಲ್ಲಿ ಶುರುವಾದ ಬ್ರಹ್ಮಗಂಟು ಧಾರಾವಾಹಿಯಲ್ಲಿ ಗೀತಾ ಭಾರತಿ ಭಟ್ ನಾಯಕಿ. ಮೈಕಟ್ಟು ದೊಡ್ಡದಿದ್ದ ಹುಡುಗಿಯನ್ನೇ ನಾಯಕಿ ಮಾಡಿದ್ರು, ನಮ್ಮೂರಲ್ಲಿ ಮನೆ ಮನೇಲಿ ನೋಡಿದ್ರು, ಇವತ್ತಿಗೂ ಗುಂಡಮ್ಮ ಅಂತಲೇ ಗುರುತು ಹಿಡಿತಾರೆ. ಒಂದು ಮಾತು ಮಾತ್ರ ಸೇರಿಸಬೇಕು: ಅಲ್ಲೂ ಕಥೆಯೇ ಅವಳ ಗಾತ್ರದ ಸುತ್ತ. ದಪ್ಪ ಹುಡುಗಿ ಸುಮ್ಮನೆ ವಕೀಲೆಯೋ ಟೀಚರೋ ಆಗಿ, ಯಾರೂ ಅವಳ ಮೈ ಬಗ್ಗೆ ಉಸಿರೆತ್ತದ ಕಥೆಯನ್ನ ನಾನಿನ್ನೂ ಕಂಡಿಲ್ಲ. ಕಂಡವರಿದ್ರೆ ಹೇಳಿ, ಸಂತೋಷ.

ಹೀರೋಗಳ ಒತ್ತಡ ಇರಬಹುದು. ಆದ್ರೆ 2016ರ ಕುಸ್ತಿ ಸಿನಿಮಾಕ್ಕೆ ಆಮಿರ್ ಖಾನ್ ತೂಕ ಏರಿಸಿದಾಗ ಪತ್ರಿಕೆಗಳೆಲ್ಲ ತಪಸ್ಸು ಅಂತ ಕೊಂಡಾಡಿದವು. ಅದಕ್ಕಿಂತ ಒಂದು ವರ್ಷ ಮೊದಲು ಅನುಷ್ಕಾ ಶೆಟ್ಟಿ ಕೂಡ ಪಾತ್ರಕ್ಕಾಗಿ ತೂಕ ಏರಿಸಿಕೊಂಡರು. ಅವರ ವಿಷಯದಲ್ಲಿ ಆಮೇಲೆ ವರ್ಷಗಟ್ಟಲೆ ಬಂದ ಸುದ್ದಿ ಒಂದೇ, ಇಳಿದರಾ ಇಲ್ಲವಾ.

ಅಭಿರುಚಿ ಎಲ್ಲಿಂದ ಹುಟ್ಟತ್ತೆ ಅನ್ನೋದಕ್ಕೆ ನಾನು ತರಗತಿಯಲ್ಲಿ ಫಿಜಿ ದ್ವೀಪದ ಉದಾಹರಣೆ ಕೊಡ್ತೀನಿ. ಅಲ್ಲಿ ಹೆಣ್ಣುಮಕ್ಕಳು ಮೈ ತುಂಬಿಕೊಂಡಿದ್ರೇ ಚೆಂದ ಅನ್ನೋ ರೂಢಿ ಇತ್ತು. ಒಂದು ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಆನ್ ಬೆಕರ್ ಅನ್ನೋ ಸಂಶೋಧಕಿ ಟಿವಿ ಬಂದ ಹೊಸದರಲ್ಲಿ ಒಮ್ಮೆ, 1998ರಲ್ಲಿ ಮತ್ತೊಮ್ಮೆ ಅಲ್ಲಿನ ಶಾಲಾ ಹುಡುಗಿಯರನ್ನ ವಿಚಾರಿಸಿದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳೋ ಹುಡುಗಿಯರು ಮೊದಲ ಸಲ ಒಬ್ಬರೂ ಸಿಕ್ಕಿರಲಿಲ್ಲ. ಎರಡನೇ ಸಲ ನೂರಕ್ಕೆ 11 ಮಂದಿ. ಮೂರೇ ವರ್ಷದ ಅಂತರ. ಗುಂಪು ಸಣ್ಣದು, ಪ್ರತಿ ಸಲ ಅರವತ್ತು ಚಿಲ್ಲರೆ ಹುಡುಗಿಯರು, ಅದನ್ನೂ ಹೇಳಬೇಕು. ಆದ್ರೂ "ಜನರಿಗೆ ಬೇಕು ಅಂತ ಕೊಡ್ತೀವಿ" ಅನ್ನೋರು ಈ ಲೆಕ್ಕವನ್ನ ಒಂದ್ಸಲ ಓದ್ಬೇಕು.


ಆಗುಂಬೆ ಮಳೆ:

ನಾನು ವೈದ್ಯೆ, ಶಿವಮೊಗ್ಗದಲ್ಲಿ ಪ್ರಾಕ್ಟೀಸ್. ಹಕ್ಕಿ ಅವರು ಕೊಟ್ಟ ಅಂಕಿ ಮೇಲೆ ಹೇಳ್ತೀನಿ.

160 ಸೆಂಟಿಮೀಟರ್ ಎತ್ತರ, 57 ಕಿಲೋ ಅಂದ್ರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 22 ಚಿಲ್ಲರೆ. ಭಾರತೀಯರಿಗೆ ಅಂತ 2009ರಲ್ಲಿ ಇಲ್ಲಿನ ತಜ್ಞರು ಮಿತಿಯನ್ನ ಇನ್ನೂ ಬಿಗಿ ಮಾಡಿದ್ರು, 23ರಿಂದ ಮೇಲೆ ಹೆಚ್ಚು ತೂಕ ಅಂತ. ಆ ಬಿಗಿ ಲೆಕ್ಕದಲ್ಲೂ ಹುಡುಗಿ ಸರಿಯಾಗೇ ಇದ್ದಾಳೆ. ಈ ಬಿಎಂಐ ಕೂಡ ಒಬ್ಬೊಬ್ಬರನ್ನ ಅಳೆಯೋಕೆ ಹುಟ್ಟಿದ್ದಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಕೆಟ್ಲೆ ಅನ್ನೋ ಗಣಿತಜ್ಞ ಜನಸಮೂಹದ ಸರಾಸರಿ ಹುಡುಕೋಕೆ ಮಾಡಿದ ಸೂತ್ರ ಅದು. ನಾಟಕ, ನೃತ್ಯ ಮಾಡಿ ಸ್ನಾಯು ಗಟ್ಟಿ ಇರೋರ ಬಗ್ಗೆ ಅದಕ್ಕೆ ಏನೂ ಗೊತ್ತಾಗಲ್ಲ.

ಮೂರು ವಾರದಲ್ಲಿ ಎಂಟು ಕಿಲೋ ಅನ್ನೋದನ್ನ ನೋಡೋಣ. ಒಂದು ಕಿಲೋ ಕೊಬ್ಬು ಕರಗಬೇಕಾದ್ರೆ ಸುಮಾರು 7,700 ಕಿಲೋಕ್ಯಾಲೊರಿ ಕೊರತೆ ಬೇಕು. ಎಂಟು ಕಿಲೋಗೆ 61,600. ಇಪ್ಪತ್ತೊಂದು ದಿನಕ್ಕೆ ಹಂಚಿದ್ರೆ ದಿನಕ್ಕೆ 2,900ಕ್ಕೂ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ 55 ಕಿಲೋ ತೂಕದ, ಮಧ್ಯಮ ಶ್ರಮದ ಹೆಂಗಸಿಗೆ ಇಡೀ ದಿನಕ್ಕೆ ಬೇಕಾಗೋದೇ 2,130. ಅಂದ್ರೆ ಮೂರು ವಾರ ಒಂದು ಅಗುಳು ಅನ್ನ ತಿನ್ನದೆ ಕೂತರೂ ಅಷ್ಟು ಕೊಬ್ಬು ಇಳಿಯಲ್ಲ. ಇಳಿದ್ರೆ ಅದು ನೀರು ಮತ್ತು ಸ್ನಾಯು. ಆ ಮಹಾನುಭಾವರು ಬಾಯಿಗೆ ಬಂದ ಅಂಕಿ ಹೇಳಿದ್ದಾರೆ ಅಷ್ಟೇ.

ಉಪವಾಸ ತಲೆಗೆ ಏನು ಮಾಡತ್ತೆ ಅನ್ನೋದೂ ಗೊತ್ತಿರಲಿ. 1944-45ರಲ್ಲಿ ಅಮೆರಿಕದ ಮಿನೆಸೊಟಾದಲ್ಲಿ ಆನ್ಸೆಲ್ ಕೀಸ್ ಅನ್ನೋರು 36 ಜನ ಗಟ್ಟಿಮುಟ್ಟಾದ ಗಂಡಸರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಸಣ್ಣ ಆಗಿದ್ದು ಇರಲಿ, ಅವರಿಗೆ ಊಟದ್ದೇ ಧ್ಯಾನ ಹಿಡೀತು. ಅಡುಗೆ ಪುಸ್ತಕ ಕೂಡಿಡೋದು, ತಟ್ಟೆ ನೆಕ್ಕೋದು, ಸಿಡಿಸಿಡಿ, ಖಿನ್ನತೆ. ಅವರಿಗೆ ದಿನಕ್ಕೆ ಕೊಡ್ತಿದ್ದಿದ್ದು ಸುಮಾರು 1,570 ಕಿಲೋಕ್ಯಾಲೊರಿ. ಇವತ್ತು ಆ್ಯಪ್‌ಗಳು ಹುಡುಗಿಯರಿಗೆ ಅದಕ್ಕಿಂತ ಕಮ್ಮಿ ಹೇಳ್ತವೆ.

ನನ್ನ ಹತ್ರ ಬರೋ ಹುಡುಗಿಯರಲ್ಲಿ ನಾನು ಮೊದಲು ಕೇಳೋದು ಮುಟ್ಟು ಸರಿ ಆಗ್ತಿದೆಯಾ ಅಂತ. ತೂಕ ಬೇಗ ಇಳಿಸಿದವರಲ್ಲಿ ಮೊದಲು ನಿಲ್ಲೋದು ಅದು, ಆಮೇಲೆ ಕೂದಲು, ಮೂಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹಕ್ಕಿ ಅವರೇ, ಮಗುವಿಗೆ ಒಂದು ಹಿಮೋಗ್ಲೋಬಿನ್, ಥೈರಾಯ್ಡ್ ಮಾಡಿಸಿ. ಎಣ್ಣೆ ಒತ್ತಿ ತೆಗೆಯೋದು, ಊಟದ ಹೊತ್ತಿಗೆ ಏನೋ ನೆಪ ಹೇಳೋದು, ಊಟ ಆದ ಕೂಡಲೇ ಬಚ್ಚಲಿಗೆ ಹೋಗೋದು ಶುರುವಾಗಿದ್ರೆ ಕಣ್ಣಿಡಿ. ಯಾರ ಹತ್ರಾನಾದ್ರೂ ಮಾತಾಡಬೇಕು ಅನ್ನಿಸಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.


ರಿಪ್ಪನ್‌ಪೇಟೆ ಎಕ್ಸ್‌ಪ್ರೆಸ್:

ಮೇಡಂ, ಈಗ ವಾರಕ್ಕೊಂದು ಇಂಜೆಕ್ಷನ್ ಬಂದಿದೆಯಲ್ಲ, ತಗೊಂಡ್ರೆ ಮುಗೀತು. ಬಾಲಿವುಡ್ಡಲ್ಲಿ ಎಲ್ಲ ಅದೇ ಅಂತೆ.


ಆಗುಂಬೆ ಮಳೆ:

ಯಾರು ತಗೊಂಡ್ರು ಬಿಟ್ರು ಅನ್ನೋ ಗಾಳಿಸುದ್ದಿ ಬೇಡ. ನೀವು ಹೇಳೋ ಇಂಜೆಕ್ಷನ್‌ಗಳಲ್ಲಿ ಟಿರ್ಜೆಪಟೈಡ್ ಭಾರತಕ್ಕೆ 2025ರ ಮಾರ್ಚಲ್ಲಿ ಬಂತು, ತೂಕಕ್ಕೆ ಅಂತ ಸೆಮಾಗ್ಲುಟೈಡ್ ಅದೇ ಜೂನಲ್ಲಿ. ಬಿಎಂಐ 30 ದಾಟಿದವರಿಗೆ, ಇಲ್ಲಾ 27 ದಾಟಿ ಸಕ್ಕರೆ ಕಾಯಿಲೆ, ಬಿಪಿ ಥರದ್ದು ಇದ್ದವರಿಗೆ ಅಂತ ಇರೋ ಔಷಧ. ಅಂಥವರಿಗೆ ನಿಜಕ್ಕೂ ಉಪಕಾರ ಆಗಿದೆ. ಬಿಎಂಐ 22 ಇರೋ ಹುಡುಗಿಗೆ ಬರೆದುಕೊಟ್ರೆ ಅದು ವೈದ್ಯ ಅಲ್ಲ, ವ್ಯಾಪಾರ.


ಕಡುಬು ಪ್ರಿಯೆ:

2022ರ ಮೇ ತಿಂಗಳು ನೆನಪಿದೆಯಾ? ಕಿರುತೆರೆ ನಟಿ ಚೇತನಾ ರಾಜ್, 21 ವರ್ಷ. ಬೆಂಗಳೂರಲ್ಲಿ ಕೊಬ್ಬು ತೆಗೆಸೋ ಆಪರೇಷನ್‌ಗೆ ಹೋದವರು ವಾಪಸ್ ಬರಲಿಲ್ಲ. ಆವಾಗ ನಮ್ಮ ಹಾಸ್ಟೆಲಲ್ಲಿ ಒಂದು ವಾರ ಅದೇ ಮಾತು. ಆಮೇಲೆ ಮತ್ತೆ ಎಲ್ಲರೂ ರಾತ್ರಿ ಊಟ ಬಿಟ್ಟು ರೀಲ್ಸ್ ಫಿಲ್ಟರ್ ಹಾಕ್ಕೊಂಡು ಕೂತ್ರು. 2015ರಲ್ಲಿ ತೆಲುಗಿನ ಆರತಿ ಅಗರ್ವಾಲ್ ಅವರೂ ಇಂಥದೇ ಶಸ್ತ್ರಚಿಕಿತ್ಸೆ ಆಗಿ ಕೆಲವು ವಾರಕ್ಕೆ ತೀರಿಕೊಂಡಿದ್ದು, 31ನೇ ವಯಸ್ಸಿಗೆ. ಡಾಕ್ಟ್ರೇ, ಅದು ಅಷ್ಟು ಅಪಾಯನಾ?


ಆಗುಂಬೆ ಮಳೆ:

ಆ ಎರಡು ಪ್ರಕರಣಗಳ ಒಳಗೆ ನಾನು ಹೋಗಲ್ಲ. ಸಾಮಾನ್ಯವಾಗಿ ಹೇಳೋದಾದ್ರೆ ಲೈಪೋಸಕ್ಷನ್ ತೂಕ ಇಳಿಸೋ ಚಿಕಿತ್ಸೆಯೇ ಅಲ್ಲ. ಚರ್ಮದ ಕೆಳಗೆ ಅಲ್ಲಲ್ಲಿ ನಿಂತ ಕೊಬ್ಬನ್ನ ಹೀರಿ ತೆಗೆಯೋದು. ನುರಿತ ಸರ್ಜನ್, ಅರಿವಳಿಕೆ ತಜ್ಞರು, ಐಸಿಯು ಇರೋ ಕಡೆ ಸಾಮಾನ್ಯವಾಗಿ ಸುರಕ್ಷಿತ. ಕೊಬ್ಬಿನ ಕಣ ರಕ್ತನಾಳಕ್ಕೆ ಸೇರಿ ಶ್ವಾಸಕೋಶಕ್ಕೆ ಹೋದ್ರೆ, ಇಲ್ಲಾ ಶ್ವಾಸಕೋಶದಲ್ಲಿ ನೀರು ತುಂಬಿದ್ರೆ ನಿಮಿಷಗಳ ಲೆಕ್ಕ. ಅಂಥ ಹೊತ್ತಲ್ಲಿ ಸೌಲಭ್ಯ ಇಲ್ದಿರೋ ಕಡೆ ಮಾಡಿಸಿಕೊಂಡ್ರೆ ಕಷ್ಟ. ಮನೇಲಿ ಒಬ್ಬರಿಗೂ ಹೇಳದೆ ಮಾಡಿಸಿಕೊಳ್ಳೋದು ಮಾತ್ರ ಬೇಡವೇ ಬೇಡ.


ನಿರ್ವಾಹಕರು:

ಇಬ್ಬರು ನಟಿಯರ "ಮೊದಲು-ಆಮೇಲೆ" ಫೋಟೋ ಹಾಕಿದ್ದ ಒಂದು ಪ್ರತಿಕ್ರಿಯೆ ತೆಗೆದಿದ್ದೇವೆ. ಇಲ್ಲಿ ಯಾರ ಮೈಯ ತಪಾಸಣೆಯೂ ಬೇಡ. ಚರ್ಚೆ ಮುಂದುವರಿಯಲಿ.


ಬಣ್ಣದ ಪೆಟ್ಟಿಗೆ:

ನಾನು ಕಂಪನಿ ನಾಟಕದಲ್ಲಿ ಇದ್ದೋಳು. ಈಗ ವಯಸ್ಸಾಗಿದೆ, ಸಾಗರದಲ್ಲಿ ಮಗನ ಮನೇಲಿದೀನಿ. ಮೊಮ್ಮಗಳು ಇದನ್ನೆಲ್ಲ ಓದಿ ಹೇಳಿದ್ಲು, ನಾನು ಹೇಳಿದ್ದನ್ನ ಅವಳೇ ಬರೀತಿದಾಳೆ.

ನಮ್ಮ ಕಾಲದಲ್ಲಿ ತೂಕ ಕೇಳೋರು ಇರಲಿಲ್ಲ ಅಂತ ನೀವೆಲ್ಲ ಅಂದ್ಕೊಂಡ್ರೆ ಪೂರ್ತಿ ನಿಜ ಅಲ್ಲ. ಮಾರಿಕಾಂಬಾ ಜಾತ್ರೆ ಸಾಗರದಲ್ಲಿ ಮೂರು ವರ್ಷಕ್ಕೊಂದ್ಸಲ. ಜಾತ್ರೆ ಪೇಟೆಲಿ ಟೆಂಟು ಹಾಕಿದ್ರೆ ಕೊನೇ ಸಾಲಲ್ಲಿ ಕೂತ ಮಂಡಕ್ಕಿ ತಿನ್ನೋನಿಗೂ ಮಾತು ಕೇಳಬೇಕು. ಹಾಗಾಗಿ ಮೊದಲು ಕಂಠ. ಕಂಠ ಇದ್ದು ಮೈ ತುಂಬಿದ್ರೆ ರಾಣಿ ಪಾತ್ರ, ದ್ರೌಪದಿ ಪಾತ್ರ, ಯಾರೂ ಏನೂ ಅಂತಿರಲಿಲ್ಲ. ಸಾಮಾಜಿಕ ನಾಟಕಕ್ಕೆ ಮಾತ್ರ ಬೇರೆ ಲೆಕ್ಕ. ನಂಗೆ ಹೆರಿಗೆ ಆದ್ಮೇಲೆ ಮೈ ಬಂತು. ಬಾಣಂತನ ಮುಗಿಸಿ ವಾಪಸ್ ಹೋದ್ರೆ ನಾಯಕಿ ಪಾತ್ರ ಬೇರೆಯೋರಿಗೆ ಹೋಗಿತ್ತು, ನನ್ನ ಹಾಸ್ಯಕ್ಕೆ ಹಾಕಿದ್ರು. ನಾನು ಒಳಗಿಂದ ನಡ್ಕೊಂಡು ಬರಬೇಕು, ಹೆಜ್ಜೆ ಹೆಜ್ಜೆಗೂ ತಬಲಾದೋನು "ಧಡ್, ಧಡ್" ಅಂತ ಬಾರಿಸ್ತಿದ್ದ. ಬೆಂಚಿನ ಮೇಲೆ ಕೂತ್ರೆ ಬೆಂಚಿನ ಕಾಲು ಮುರಿಯೋ ಹಾಗೆ ಮೊದಲೇ ಕೊಯ್ದು ಇಟ್ಟಿರ್ತಿದ್ರು. ಜನ ಬಿದ್ದು ಬಿದ್ದು ನಗೋರು. ಸಂಬಳ ನಾಯಕಿಗಿಂತ ಕಮ್ಮಿ, ಚಪ್ಪಾಳೆ ಜಾಸ್ತಿ.

ನಂಗೆ ಅದರಲ್ಲಿ ಬೇಜಾರಾಗಿದ್ದು ನಕ್ಕಿದ್ದಕ್ಕಲ್ಲ. ಹಾಸ್ಯ ಮಾಡೋದು ಸುಲಭ ಅಲ್ಲ, ಟೈಮಿಂಗ್ ತಪ್ಪಿದ್ರೆ ಬೆಂಚು ಮುರಿದ್ರೂ ಯಾರೂ ನಗಲ್ಲ. ಮಾತು ಬರೆಯೋ ಕವಿಗಳು ನಂಗೆ ಬೇರೆ ಏನೂ ಬರೀತಾನೇ ಇರಲಿಲ್ಲ. ಊಟ, ನಿದ್ದೆ, ಗಂಡನ ಮೇಲೆ ಬೀಳೋದು, ಇಷ್ಟೇ. ಉಮಾಶ್ರೀ ಅವರನ್ನ ನೋಡಿ. ಸಿನಿಮಾದೋರು ವರ್ಷಾನುಗಟ್ಟಲೆ ಹಾಸ್ಯಕ್ಕೇ ಕೂರಿಸಿದ್ರು. ನಮ್ಮ ತೀರ್ಥಹಳ್ಳಿ ಕಡೆಯ ಗಿರೀಶ ಕಾಸರವಳ್ಳಿ ಅವರು ಕರೆದು ಗುಲಾಬಿ ಟಾಕೀಸಲ್ಲಿ ಮುಖ್ಯ ಪಾತ್ರ ಕೊಟ್ರು, ರಾಷ್ಟ್ರಪ್ರಶಸ್ತಿ ಬಂತು. ಆ ಹೆಂಗಸಿನ ಶಕ್ತಿ ಮೊದಲೂ ಅಷ್ಟೇ ಇತ್ತಲ್ಲ. ಕೊಡೋರಿಗೆ ಕಣ್ಣು ಬೇಕಿತ್ತು.


ಶರಾವತಿ ಹಿನ್ನೀರು:

ಅಮ್ಮಾ, ನೀವು ಹೇಳಿದ ಆ ತಬಲಾ ಇವತ್ತೂ ಇದೆ. ನಾವು ಅದನ್ನ ಎಡಿಟಿಂಗಲ್ಲಿ ಸೌಂಡ್ ಎಫೆಕ್ಟ್ ಅಂತ ಹಾಕ್ತೀವಿ. ದಪ್ಪ ಪಾತ್ರ ನಡೆದು ಬಂದ್ರೆ ಒಂದು ರೆಡಿ ಫೈಲ್ ಇದೆ, ಆನೆ ಹೆಜ್ಜೆ ಥರದ್ದು.


ಭಾಗವತರ ಮನೆ:

ಬಣ್ಣದ ಪೆಟ್ಟಿಗೆ ಅಮ್ಮನವರಿಗೆ ನಮಸ್ಕಾರ. ಆದ್ರೂ ನನ್ನ ಪ್ರಶ್ನೆ ಹಾಗೇ ಇದೆ. ರಂಗಭೂಮಿಯಲ್ಲೂ ಮೈ ಮುಖ್ಯ ತಾನೇ? ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಬೆಳಗ್ಗೆ ಎದ್ದು ವ್ಯಾಯಾಮ ಮಾಡಿಸಲ್ವಾ?


ಕಡುಬು ಪ್ರಿಯೆ:

ಮಾಡಿಸ್ತಾರೆ. ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರು ಮಾಡಿದಾಗಿಂದ ಅಲ್ಲಿ ಕಲಿತು ಬಂದವರನ್ನ ಸಾಲಾಗಿ ನಿಲ್ಲಿಸಿ ನೋಡಿ: ಗಿಡ್ಡ, ಉದ್ದ, ದಪ್ಪ, ಸಣ್ಣ ಎಲ್ಲ ಇದ್ದಾರೆ. ತಿರುಗಾಟದ ನಾಟಕ 1985ರಿಂದ ಊರೂರು ಸುತ್ತತ್ತೆ. ದಿನಕ್ಕೊಂದು ಊರು, ಬಸ್ಸಿನ ಪ್ರಯಾಣ, ರಾತ್ರಿ ಪ್ರದರ್ಶನ. ಅದಕ್ಕೆ ದಮ್ಮು ಬೇಕು, ಬೆನ್ನು ಗಟ್ಟಿ ಇರಬೇಕು. ಅಂಥ ಮೈ ಕಟ್ಟೋದಕ್ಕೆ ಹೊಟ್ಟೆ ತುಂಬಾ ಊಟ ಬೇಕು ಭಾಗವತರೇ. ನೀವು ಹೇಳೋ ಶಿಸ್ತು ಅದು. ಹಕ್ಕಿ ಅಕ್ಕನ ಹುಡುಗಿಗೆ ಕೇಳಿದ್ದು ಅದಲ್ಲ. ಮಂಡಿಯಲ್ಲಿ ಅಡಿಕೆಯನ್ನ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಮಾಡೋ ಹಾಗೆ ಅವಳನ್ನ ಒಂದು ರಾಶಿಗೆ ಎಸೆದಿದ್ದು.


ತೀರ್ಥಹಳ್ಳಿ ಮೇಷ್ಟ್ರು:

ಕುಸ್ತಿಯ ಉದಾಹರಣೆಗೆ ಒಂದು ಮಾತು. ಕುಸ್ತಿಯಲ್ಲಿ ತೂಕದ ವರ್ಗ ಬರೆದಿಟ್ಟಿರ್ತಾರೆ, 50, 53, 57, ಹೀಗೆ. 57 ಕಿಲೋದವಳಿಗೂ ಅಲ್ಲಿ ಪದಕ ಇದೆ. ಇಲ್ಲಿ ನಿಯಮ ಎಲ್ಲಿ ಬರೆದಿದೆ, ತೋರಿಸಿ?

ಬೇರೆ ಕಡೆ ಬರೆದಿದ್ದಾರೆ, ಅದೂ ಉಲ್ಟಾ ದಿಕ್ಕಿನಲ್ಲಿ. 2006ರಲ್ಲಿ ಉರುಗ್ವೆಯ ಲೂಯಿಸೆಲ್ ರಾಮೋಸ್, ಬ್ರೆಜಿಲ್‌ನ ಆನಾ ಕರೋಲಿನಾ ರೆಸ್ಟೊನ್, ಇಬ್ಬರು ಮಾಡೆಲ್‌ಗಳು ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. ಅದೇ ವರ್ಷ ಮ್ಯಾಡ್ರಿಡ್‌ನ ಫ್ಯಾಷನ್ ಷೋ ಬಿಎಂಐ 18ಕ್ಕಿಂತ ಕಮ್ಮಿ ಇದ್ದವರನ್ನ ವೇದಿಕೆ ಹತ್ತಿಸಲ್ಲ ಅಂತು. ಇಸ್ರೇಲ್ 2012ರಲ್ಲಿ 18.5 ಅಂತ ಕಾನೂನನ್ನೇ ಮಾಡಿತು. ಫ್ರಾನ್ಸಲ್ಲಿ 2017ರಿಂದ ಮಾಡೆಲ್‌ಗಳು ಆರೋಗ್ಯವಾಗಿದ್ದಾರೆ ಅಂತ ವೈದ್ಯರ ಸರ್ಟಿಫಿಕೇಟ್ ಬೇಕು. ಮೈ ಸಣ್ಣ ಮಾಡೋಕೆ ಫೋಟೋ ತಿದ್ದಿದ್ರೆ ಜಾಹೀರಾತಲ್ಲೇ ಹಾಗಂತ ಬರೀಬೇಕು. ನಮ್ಮಲ್ಲಿ ಕಾನೂನು ಬಂದ ಕೂಡಲೇ ಎಲ್ಲ ಸರಿ ಆಗತ್ತೆ ಅನ್ನೋ ಭ್ರಮೆ ನನಗಿಲ್ಲ. ಸರ್ಟಿಫಿಕೇಟ್ ಬರೆದುಕೊಡೋ ಡಾಕ್ಟರು ಎಲ್ಲ ಕಡೆ ಸಿಗ್ತಾರೆ. (ಮಳೆ ಮೇಡಂ ಕ್ಷಮಿಸಬೇಕು.)


ಗಾಜನೂರು ಗೇಟು:

ಮೇಷ್ಟ್ರೇ ಫುಲ್ ಫಾರ್ಮಲ್ಲಿದ್ದಾರೆ. ನಮ್ಮಮ್ಮನಿಗೆ ಆ ಲೆನ್ಸ್ ವಿಷಯ ಹೇಳ್ದೆ. ಈಗ ಸೀರಿಯಲ್ ಬಂದಾಗ "ಅಂಚಲ್ಲಿ ನಿಂತಿದಾಳೆ ಪಾಪ" ಅಂತಾರೆ. ಆಡ್ಕೊಳೋದು ಪೂರ್ತಿ ನಿಂತಿಲ್ಲ, ಸೀರೆ ಕಡೆ ತಿರುಗಿದೆ.


ಮಂಡಗದ್ದೆ ಹಕ್ಕಿ:

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಇದನ್ನೆಲ್ಲ ಹುಡುಗಿಗೆ ಓದೋಕೆ ಕೊಟ್ಟೆ. ಡಾಕ್ಟ್ರು ಹೇಳಿದ ಕ್ಯಾಲೊರಿ ಲೆಕ್ಕವನ್ನ ಅವಳೇ ಮತ್ತೆ ಮೊಬೈಲಲ್ಲಿ ಹಾಕಿ ನೋಡಿ, ನಕ್ಕಳು. ರಕ್ತ ಪರೀಕ್ಷೆ ಮಾಡಿಸಿದ್ವಿ, ಥೈರಾಯ್ಡ್ ಸರಿ ಇದೆ, ಹಿಮೋಗ್ಲೋಬಿನ್ 9.8. ಮಾತ್ರೆ ಶುರುವಾಗಿದೆ. ಅಜ್ಜಿ ಒಂದೆಲಗದ ತಂಬುಳಿ, ಹರಿವೆ ಸೊಪ್ಪು ಅಂತ ಅವರ ಔಷಧಾಲಯ ತೆರೆದಿದ್ದಾರೆ.

ಧಾರಾವಾಹಿಯವರಿಗೆ ಅವಳೇ ಮೆಸೇಜ್ ಮಾಡಿದ್ಲು: "ತೂಕ ಇಳಿಸಲ್ಲ, ಹೀಗೇ ಲುಕ್ ಟೆಸ್ಟ್ ಮಾಡೋದಾದ್ರೆ ಬರ್ತೀನಿ" ಅಂತ. ನಾಲ್ಕು ದಿನ ಉತ್ತರ ಇಲ್ಲ. ಆಮೇಲೆ ಫೋನ್ ಬಂತು. ತಂಗಿ ಪಾತ್ರಕ್ಕೆ ಬೇರೆಯೋರು ಸಿಕ್ಕಿದ್ದಾರೆ, ನಾಯಕಿಯ ಗೆಳತಿ ಪಾತ್ರ ಇದೆ, "ನಿಮ್ಮ ಮೈಕಟ್ಟಿಗೆ ಕರೆಕ್ಟಾಗಿ ಹೊಂದತ್ತೆ, ಕಾಮಿಡಿ" ಅಂದ್ರಂತೆ. 57 ಕಿಲೋಗೆ ಕಾಮಿಡಿ! ಭಾವ ಮೊದಲ ಸಲ ಈ ವಿಷಯದಲ್ಲಿ ಜೋರಾಗಿ ನಕ್ಕರು. ಅವಳಿಗೆ ಮಾತ್ರ ಹಾಸ್ಯ ಅಂದ್ರೆ ಇಷ್ಟ, ಯೋಚನೆ ಮಾಡ್ತಿದ್ದಾಳೆ. ಏನು ಕೇಳ್ಕೊಂಡು ಒಪ್ಪಬೇಕು?


ಶರಾವತಿ ಹಿನ್ನೀರು:

ದಿನಕ್ಕೆ ಎಷ್ಟು, ತಿಂಗಳಿಗೆ ಕನಿಷ್ಠ ಎಷ್ಟು ದಿನ ಕರೀತಾರೆ, ಬಟ್ಟೆ ಅವರದಾ ನಿಮ್ಮದಾ, ರಾತ್ರಿ ಶೂಟಿಂಗ್ ಇದ್ರೆ ವಾಪಸ್ ಬಿಡೋ ವ್ಯವಸ್ಥೆ, ದುಡ್ಡು ಎಷ್ಟು ದಿನಕ್ಕೆ ಕೈಗೆ ಬರತ್ತೆ. ಎಲ್ಲ ಬರವಣಿಗೆಯಲ್ಲಿ. ಕರಾರಿನಲ್ಲಿ "ಲುಕ್ ಕಾಪಾಡಿಕೊಳ್ಳಬೇಕು" ಅನ್ನೋ ಸಾಲು ಇದ್ರೆ ಹಾಗಂದ್ರೆ ಏನು ಅಂತ ಅಲ್ಲೇ ಬಿಡಿಸಿ ಬರೆಸಿಕೊಳ್ಳಿ, ಇಲ್ಲಾಂದ್ರೆ ತೆಗೆಸಿ. ಬ್ಲೌಸ್ ಹೊಲಿಸಿದ್ರೆ ಒಳಗೆ ಎರಡಿಂಚು ಬಟ್ಟೆ ಬಿಡೋಕೆ ಹೇಳಿ. ತಿಂಗಳ ಹಿಂದಿನ ಸೀನಿಗೆ ಅದೇ ಬ್ಲೌಸ್ ಮತ್ತೆ ಹಾಕ್ಬೇಕಾಗತ್ತೆ, ಅರ್ಧ ಜಗಳ ಶುರುವಾಗೋದೇ ಹೊಲಿಗೆ ಬಿಚ್ಚೋಕೆ ಬರದಿದ್ದಾಗ.


ಬಣ್ಣದ ಪೆಟ್ಟಿಗೆ:

ದುಡ್ಡಿನ ಮಾತು ಆಮೇಲೆ ಆಡು ಮಗಳೇ. ಮೊದಲು ನಿನ್ನ ಸೀನ್ ಪೇಪರ್ ಕಳಿಸೋಕೆ ಹೇಳು. ಗೆಳತಿಗೆ ಒಂದು ಹೆಸರು, ಒಂದು ಮನೆ, ಒಂದು ಆಸೆ ಅಂತ ಇದ್ರೆ ಮಾಡು. ಬಾಯಿ ತೆಗೆದಾಗೆಲ್ಲ ತಿಂಡಿ ಮಾತೇ ಬಂದ್ರೆ ಅದು ನಾನು ಮುರಿದ ಬೆಂಚೇ.


ಮಂಡಗದ್ದೆ ಹಕ್ಕಿ:

ಸೀನ್ ಪೇಪರ್ ಬಂತು. ಮೊದಲನೇ ಸೀನು ಫ್ರಿಜ್ ಮುಂದೆ, ಕೈಯಲ್ಲಿ ಕೇಕು. ಎರಡನೇದರಲ್ಲಿ ಗೆಳತಿ ನಾಯಕಿಯ ಗಂಡನ ಸುಳ್ಳು ಹಿಡಿತಾಳೆ, ಅದು ಚೆನ್ನಾಗಿದೆ. ಹುಡುಗಿ ಕೇಕಿನ ಮಾತುಗಳನ್ನ ಹೊಡೆದು ಹಾಕಿ, ಆ ಜಾಗಕ್ಕೆ ಅವಳೇ ತೀರ್ಥಹಳ್ಳಿ ಕಡೆಯ ಮಾತಿನ ಧಾಟಿಯಲ್ಲಿ ಬೇರೆ ಸಾಲು ಬರೆದು, ವಿಡಿಯೋ ಮಾಡಿ ಕಳಿಸಿದ್ದಾಳೆ. ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ. ಬಂದ್ರೆ ಇಲ್ಲೇ ಹಾಕ್ತೀನಿ.